ಫಗೊಟ್ ಪದವಿಗೆ ಎಷ್ಟು ಕುರಿ?

ಭಾನುವಾರದ ದನದ ಸಂತೆಯಲ್ಲಿ ಎಸೆನ್‌ಕುಲ್‌ನ ಮಾತೆಂದರೆ ಮಾತು. ಕುರಿಯ ಹಿಂಭಾಗಕ್ಕೆ ಅಂಗೈ ಹಾಕಿ, ಬಾಲದ ಕೊಬ್ಬನ್ನು ಒಮ್ಮೆ ಅಮುಕಿ, ಕಣ್ಣು ಮುಚ್ಚಿ ಆತ ಒಂದು ಅಂಕಿ ಹೇಳಿದನೆಂದರೆ ತಕ್ಕಡಿಯೂ ಎದುರಾಡುತ್ತಿರಲಿಲ್ಲ. ಕುದುರೆಯಾದರೆ ಹಲ್ಲು ನೋಡುತ್ತಿದ್ದ, ಹಸುವಾದರೆ ಕೆಚ್ಚಲು. ಇಪ್ಪತ್ತೆಂಟು ವರ್ಷದ ದಲ್ಲಾಳಿತನ. ಕೊಳ್ಳುವವನ ಕೈಯನ್ನೂ ಮಾರುವವನ ಕೈಯನ್ನೂ ಸೇರಿಸಿ ಹಿಡಿದು, ತೋಳು ಕಳಚುವ ಹಾಗೆ ಕುಲುಕಿ ವ್ಯಾಪಾರ ಕುದುರಿಸುವುದರಲ್ಲಿ ಇಸಿಕ್-ಕುಲ್ ಸರೋವರದ ಈ ದಡದಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಅಂಥ ಮಹಾಶಯನ ಮನೆಗೆ ಜೂನ್ ತಿಂಗಳಲ್ಲಿ ಒಂದು ವಸ್ತು ಬಂತು. ಅದಕ್ಕೆ ಬಾಲವಿಲ್ಲ, ಹಲ್ಲಿಲ್ಲ, ಕೆಚ್ಚಲಂತೂ ಇಲ್ಲವೇ ಇಲ್ಲ. ಎಲ್ಲಿ ಅಮುಕಿ ನೋಡಬೇಕೆಂದೇ ತಿಳಿಯದೆ ಎಸೆನ್‌ಕುಲ್ ಕಂಗಾಲಾದ.

ಅದು ಮಗ ಎಲ್ದಿಯಾರ್‌ನ ಪದವಿ ಪತ್ರ. ರಾಜಧಾನಿ ಬಿಷ್ಕೆಕ್‌ನ ಸಂಗೀತ ಕಾಲೇಜಿನಲ್ಲಿ ಐದು ವರ್ಷ ಓದಿ ತಂದದ್ದು. ಕೆಂಪು ರಟ್ಟಿನದು, ಅಂದರೆ ಹುಡುಗ ಎಲ್ಲದರಲ್ಲೂ ಮೊದಲ ದರ್ಜೆ. ಓದಿದ ವಾದ್ಯದ ಹೆಸರು ಫಗೊಟ್. ಚಹಾ ಕಾಯಿಸುವ ಸಮೋವರಿನ ಹೊಗೆ ಕೊಳವೆಯನ್ನು ಆಳೆತ್ತರ ಬೆಳೆಸಿ, ಮೈತುಂಬ ಗುಂಡಿ ಹೊಲಿದು, ಕೊನೆಗೆ ಕುಡಿಯಲು ಒಂದು ಬಾಗಿದ ನಳಿಗೆ ಸಿಕ್ಕಿಸಿದರೆ ಹೇಗಿರುತ್ತದೋ ಹಾಗಿತ್ತು. ಈ ಪತ್ರಕ್ಕಾಗಿ ಎಸೆನ್‌ಕುಲ್ ಹನ್ನೊಂದು ಕುರಿ, ಒಂದು ಹೋರಿ, ಹಣೆಯಲ್ಲಿ ಬಿಳಿ ಚುಕ್ಕೆಯಿದ್ದ ಒಂದು ಹೆಣ್ಣುಕುದುರೆ ಮಾರಿದ್ದ. ಕುದುರೆ ಮಾರಿದ ದಿನ ಅವನು ಊಟ ಬಿಟ್ಟಿದ್ದನೆಂದು ಹೆಂಡತಿ ಬುರುಲ್ ಇಂದಿಗೂ ಹೇಳುತ್ತಾಳೆ. ಅವನು ಮಾತ್ರ ಅವತ್ತು ಹೊಟ್ಟೆ ಕೆಟ್ಟಿತ್ತು ಎನ್ನುತ್ತಾನೆ.

ಈಗ ಎದುರಿಗೆ ಎರಡು ದಾರಿಗಳಿದ್ದವು. ತಾಲೂಕಿನ ಮಕ್ಕಳ ಸಂಗೀತ ಶಾಲೆ ಎಲ್ದಿಯಾರ್‌ನನ್ನು ಮೇಷ್ಟರಾಗಿ ಕರೆದಿತ್ತು. ತಿಂಗಳಿಗೆ ಹದಿನಾರು ಸಾವಿರ ಸೋಮ್. ಬುರುಲ್‌ಳ ಅಣ್ಣ, ಬಿಷ್ಕೆಕ್‌ನ ದೊಡ್ಡ ಬಜಾರಿನಲ್ಲಿ ಬೂಟು ಮಾರುವ ಸಗಿನ್ ಭಾವ, ತನ್ನ ಮಳಿಗೆಗೆ ಬಾ ಎಂದಿದ್ದ. ತಿಂಗಳಿಗೆ ಐವತ್ತು ಸಾವಿರ, ಊಟ ಬೇರೆ. ಸೋಮವಾರ ಬೆಳಿಗ್ಗೆ ಭಾವ ಕಾರು ತಂದು ಹುಡುಗನನ್ನು ಕರೆದೊಯ್ಯುವುದೆಂದೂ ಮಾತಾಗಿತ್ತು. ಶಾಲೆಯವರಿಗೆ ಉತ್ತರ ಕೊಡಬೇಕಾದದ್ದೂ ಅದೇ ಸೋಮವಾರ.

"ಅಪ್ಪ, ನನಗೆ ಶಾಲೆ ಇಷ್ಟ" ಎಂದ ಎಲ್ದಿಯಾರ್.

"ಇಷ್ಟಕ್ಕೆ ರೇಟು ಎಷ್ಟಪ್ಪ?" ಎಂದ ಎಸೆನ್‌ಕುಲ್. "ನಾನೇನು ಬೇಡ ಅಂದ್ನಾ? ನಿನ್ನ ಈ ಕೆಂಪು ಪುಸ್ತಕ ಎಷ್ಟು ಬಾಳತ್ತೆ ಅಂತ ಒಂದು ಅಂಕಿ ಹೇಳು. ಕುದುರೆ, ಹೋರಿ, ಹನ್ನೊಂದು ಕುರಿಗಿಂತ ಜಾಸ್ತಿ ಇದ್ರೆ ಶಾಲೆಗೆ ಹೋಗು. ಕಮ್ಮಿ ಇದ್ರೆ ಮಾವನ ಬೂಟಂಗಡಿ."

ಎಲ್ದಿಯಾರ್ ಜಗಳವಾಡುವ ಜಾತಿಯವನಲ್ಲ. ಕೋಣೆಗೆ ಹೋಗಿ ಫಗೊಟ್ ಎತ್ತಿ, ಒಂದು ಉದ್ದನೆಯ ತಗ್ಗಿದ ಸ್ವರ ಹಿಡಿದ. ಕೊಟ್ಟಿಗೆಯ ಹಸು ತಿರುಗಿ ನೋಡಿತು.

ಅಂಕಿ ಹುಡುಕಿಕೊಂಡು ಎಸೆನ್‌ಕುಲ್ ಮೊದಲು ಹೋದದ್ದು ಬ್ಯಾಂಕಿಗೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಿಳಿಯ ಕಲ್ಪಾಕ್ ಟೋಪಿ ಇಟ್ಟುಕೊಂಡು, ಪದವಿ ಪತ್ರವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದ. ಸಾಲದ ವಿಭಾಗದ ಹುಡುಗಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಅಣ್ಣ, ಇದ್ಯಾಕೆ ತಂದ್ರಿ?"

"ಅಡವು ಇಡೋಕೆ. ಸಾಲ ಬೇಡಮ್ಮ. ಇಟ್ರೆ ಎಷ್ಟು ಕೊಡ್ತೀರಿ ಅಂತ ಹೇಳಿ ಸಾಕು."

"ಅಣ್ಣ, ನಾವು ಮನೆ ಇಟ್ಕೋತೀವಿ, ಕಾರು ಇಟ್ಕೋತೀವಿ, ದನ ಇಟ್ಕೋತೀವಿ. ಕಾಗದ ಇಟ್ಕೊಳ್ಳಲ್ಲ."

"ಮನೆ ಕಾಗದ ಇಟ್ಕೋತೀರಲ್ಲ?"

"ಅದರ ಹಿಂದೆ ಮನೆ ಇರುತ್ತೆ ಅಣ್ಣ."

"ಇದರ ಹಿಂದೆ ಮಗ ಇದಾನೆ."

ಹುಡುಗಿ ಪಾಪ ಒಳ್ಳೆಯವಳು. ಒಳಗೆ ಹೋಗಿ ಮ್ಯಾನೇಜರನ್ನು ಕೇಳಿಕೊಂಡು ಬಂದಳು. "ಅಣ್ಣ, ಆ ವಾದ್ಯ ನಿಮ್ದೇ ಅಂತಾದ್ರೆ ಅದನ್ನ ತನ್ನಿ, ನೋಡೋಣ ಅಂತಾರೆ. ಕಾಗದ ನೀವೇ ಇಟ್ಕೊಳ್ಳಿ." ಓದಿಗಿಂತ ಊದುವ ಕೊಳವೆಗೇ ಬೆಲೆ ಹೆಚ್ಚೆಂದು ಸರ್ಕಾರಿ ಮುದ್ರೆ ಬಿದ್ದಂತಾಯಿತು. ಎಸೆನ್‌ಕುಲ್ ಟವೆಲು ಮಡಚಿಕೊಂಡು ಹೊರಬಿದ್ದ.

ಮನೆಯ ಗೇಟಿನಲ್ಲಿ ನೆರೆಮನೆಯ ಶೈಲೋಬೆಕ್ ಕಾದಿದ್ದ. ಶೈಲೋಬೆಕ್‌ನ ಮಗ ಹಲ್ಲಿನ ಡಾಕ್ಟರು. ತನ್ನ ಕೈಚಳಕವನ್ನೆಲ್ಲ ಮೊದಲು ಅಪ್ಪನ ಬಾಯಲ್ಲೇ ಪರೀಕ್ಷಿಸಿದ್ದರಿಂದ ಶೈಲೋಬೆಕ್‌ನ ಬಾಯಿ ತುಂಬ ಚಿನ್ನ. ಅವನು ನಕ್ಕರೆ ಎದುರಿನವರು ಕಣ್ಣು ಕಿರಿದು ಮಾಡಿಕೊಳ್ಳಬೇಕಿತ್ತು. ಅದಕ್ಕೇ ಅವನು ಕಾರಣವಿಲ್ಲದೆಯೂ ನಗುತ್ತಿದ್ದ.

"ನೋಡು ಎಸೆನ್‌ಕುಲ್, ಬೇಜಾರು ಮಾಡ್ಕೋಬೇಡ. ನನ್ನ ಮಗನ ಪದವಿ ನಾನು ಬಾಯಿ ಬಿಟ್ರೆ ಊರಿಗೇ ಕಾಣತ್ತೆ. ನಿನ್ನ ಮಗನ ಪದವಿ ಎಲ್ಲಿ ಕಾಣತ್ತೆ? ಯಾರಾದ್ರೂ ನೋಡಿದಾರಾ?"

ಈ ಮಾತು ಎಸೆನ್‌ಕುಲ್‌ನ ಎದೆಗೇ ನಾಟಿತು. ಹೌದಲ್ಲ, ಯಾರೂ ನೋಡಿಯೇ ಇಲ್ಲ! ಸಂತೆಗೆ ತರದ ಕುರಿಗೆ ಬೆಲೆ ಕಟ್ಟುವವರು ಯಾರು? ಹೊಸದನ್ನು ಮೊದಲ ಸಲ ನೋಡುವವರು ಬರಿಗೈಯಲ್ಲಿ ನೋಡುವಂತಿಲ್ಲ ಎಂಬ ಪದ್ಧತಿ ಇರುವುದಾದರೂ ಯಾತಕ್ಕೆ? ಹುಟ್ಟಿದ ಕೂಸಿಗೆ, ಹೊಸ ಕಾರಿಗೆ, ಮನೆಗೆ ಬಂದ ಸೊಸೆಗೆ, ಎಲ್ಲದಕ್ಕೂ ಜನ ಕೊರುಮ್ದುಕ್ ಕೊಡುತ್ತಾರೆ. ನೂರೋ ಇನ್ನೂರೋ ಸೋಮ್, ಒಂದು ತಲೆವಸ್ತ್ರ, ಕೈ ದೊಡ್ಡದಾದರೆ ಕುರಿಯೇ. ಹಾಗಾದರೆ ಪದವಿಗೆ ಯಾಕಿಲ್ಲ? ಬಂದದ್ದನ್ನೆಲ್ಲ ಕೂಡಿಸಿದರೆ ಅದೇ ಅದರ ಬೆಲೆ. ಇಷ್ಟು ಸುಲಭದ ಲೆಕ್ಕ ಬ್ಯಾಂಕಿನವರಿಗೆ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ಅವರ ಮೇಲೆ ಕನಿಕರವೇ ಹುಟ್ಟಿತು.

ದಲ್ಲಾಳಿಯಾದವನು ಪ್ರಾಣಿಯನ್ನು ಮೊದಲೇ ತೋರಿಸಿಬಿಡುವುದಿಲ್ಲ. ಆದ್ದರಿಂದ ಎಸೆನ್‌ಕುಲ್ ಬಾಯಿ ಕಟ್ಟಿಕೊಂಡ.

"ನಾಳೆ ಮಧ್ಯಾಹ್ನ ಬಾ" ಎಂದ, ದನಿ ತಗ್ಗಿಸಿ. "ನಮ್ಮನೆಗೆ ಹೊಸದು ಬಂದಿದೆ. ಮೂಲೇಲಿ ಬಿಳಿ ಪರದೆ ಕಟ್ಟಿ ಒಳಗಿಡ್ತೀನಿ. ಕೊರುಮ್ದುಕ್ ತರೋದು ಮರೀಬೇಡ."

ಶೈಲೋಬೆಕ್‌ನ ಬಾಯಿ ಮುಚ್ಚಿಹೋಯಿತು. ಊರಿನ ಬೆಳಕು ಒಂದು ಕ್ಷಣ ಮಂಕಾಯಿತು. "ಪರದೆ ಕಟ್ತೀಯಾ? ಯಾವಾಗ ಬಂತು? ನಮಗೆ ಒಂದು ಮಾತೂ ಹೇಳ್ಲಿಲ್ಲ!"

"ಮೂರು ವಾರ ಆಯ್ತು" ಎಂದು ಎಸೆನ್‌ಕುಲ್ ಗೇಟು ಹಾಕಿಕೊಂಡ.

ಮೂಲೆಯಲ್ಲಿ ಬಿಳಿ ಪರದೆ ಕಟ್ಟಿದರೆ ಅದರ ಹಿಂದೆ ಕೂರುವುದು ಯಾರು ಎಂಬುದು ಈ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಎಸೆನ್‌ಕುಲ್‌ಗೂ ಗೊತ್ತಿತ್ತು. ಇಪ್ಪತ್ತೈದು ವರ್ಷದ ಹಿಂದೆ ಹೊಸ ಸೊಸೆಯಾಗಿ ಅದೇ ಪರದೆಯ ಹಿಂದೆ ಬುರುಲ್ ಕೂತಿದ್ದಳಲ್ಲ! ಆದರೆ ಅವನ ತಲೆ ತುಂಬ ಆಗ ಬೆಲೆಯೇ ಇದ್ದುದರಿಂದ ಬೇರೆಯದಕ್ಕೆ ಜಾಗವಿರಲಿಲ್ಲ. ಹೇಳಿ ತಿದ್ದಲು ಬುರುಲ್ ಊರಿನಲ್ಲಿರಲಿಲ್ಲ. ಮಗನನ್ನು ಕರೆದುಕೊಂಡು ತಂಗಿಯ ಮನೆಗೆ ಹೋಗಿದ್ದಳು. ಶನಿವಾರ ಬೆಳಿಗ್ಗೆ ಎಸೆನ್‌ಕುಲ್ ಪೆಟ್ಟಿಗೆಯಿಂದ ಪರದೆ ತೆಗೆದು ಕಟ್ಟಿದ. ಹಿಂದೆ ಮೂರು ದಿಂಬು ಪೇರಿಸಿ, ಮೇಲೆ ರೇಷ್ಮೆ ಹಾಸಿ, ಪದವಿ ಪತ್ರವನ್ನು ಬಿಚ್ಚಿ ಕೂರಿಸಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಸೊಟ್ಟಗಿದ್ದ ದಿಂಬೊಂದನ್ನು ಸರಿಮಾಡಿದ.

ಮಧ್ಯಾಹ್ನ ಶೈಲೋಬೆಕ್ ಬರುತ್ತಾನೆ, ಹೆಚ್ಚೆಂದರೆ ಹೆಂಡತಿಯನ್ನು ಕರೆತರುತ್ತಾನೆ ಎಂದುಕೊಂಡು ಅವನು ಎಂಟು ಬಟ್ಟಲು ತೊಳೆದಿಟ್ಟಿದ್ದ. ಗೇಟು ತೆರೆದರೆ ಬೀದಿಗೆ ಬೀದಿಯೇ ನಿಂತಿತ್ತು!

ಮುಂದೆ ತೊಕ್ತೊಬೂಬು ಅಜ್ಜಿ. ಎಂಬತ್ತೊಂದು ವಯಸ್ಸು, ಊರಿನ ಅಷ್ಟೂ ಸೊಸೆಯರ ಪರದೆ ಸರಿಸಿದ ಕೈ. ಹೊಸ್ತಿಲು ದಾಟುತ್ತಲೇ ಜೇಬಿನಿಂದ ಮಿಠಾಯಿ ತೆಗೆದು ಎಸೆನ್‌ಕುಲ್‌ನ ತಲೆಯ ಮೇಲೆ ಎರಚಿದಳು. ಒಂದು ಮೂಗಿಗೆ ಬಡಿಯಿತು.

"ಅಯ್ಯೋ ನನ್ನಪ್ಪನೇ, ಕೊನೆಗೂ ಸೊಸೆ ತಂದ್ಯಲ್ಲ! ನಿನ್ನ ಮಗ ಆ ಕೊಳವೇನೇ ಕಟ್ಕೊಂಡಾನೇನೋ ಅಂತ ನಾನು ಹೆದರಿದ್ದೆ ಕಣೋ. ನಡಿ ನಡಿ, ತೋರ್ಸು."

ಎಸೆನ್‌ಕುಲ್‌ಗೆ ಆಗ ತಿಳಿಯಿತು. ತಲೆಯಿಂದ ಅಂಗಾಲಿನವರೆಗೂ ತಿಳಿಯಿತು. "ಅಜ್ಜಿ, ಅದು ಹಂಗಲ್ಲ, ಇದು..." ಎಂದು ಬಾಯಿ ತೆರೆದ. ಅಷ್ಟರಲ್ಲಿ ಅಜ್ಜಿ ಅವನ ಕೈಗೆ ಸಾವಿರ ಸೋಮಿನ ನೋಟು ತುರುಕಿದಳು. ಹಿಂದೆಯೇ ಅಂಚೆಯ ಅಕ್ಕ ಐನೂರು ಕೊಟ್ಟಳು. ಬೇಕರಿಯವಳು ಜರಿಯಂಚಿನ ತಲೆವಸ್ತ್ರ ಹೆಗಲ ಮೇಲೆ ಹಾಕಿದಳು. ಇನ್ನೊಬ್ಬಳು ಇನ್ನೊಂದು ಹಾಕಿದಳು. ಸತ್ಯ ಹೇಳಲೇಬೇಕೆಂದು ಎಸೆನ್‌ಕುಲ್ ಗಟ್ಟಿ ಮನಸ್ಸು ಮಾಡಿದ. ಇನ್ನೊಂದೈದು ನಿಮಿಷ ಬಿಟ್ಟು ಹೇಳುವುದೆಂದೂ ಅಷ್ಟೇ ಗಟ್ಟಿಯಾಗಿ ಮನಸ್ಸು ಮಾಡಿದ.

ಆ ಐದು ನಿಮಿಷ ಮುಗಿಯುವಷ್ಟರಲ್ಲಿ ಶೈಲೋಬೆಕ್ ಕುರಿ ಎಳೆದುಕೊಂಡು ಬಂದ. ಸಾಧಾರಣ ಕುರಿಯಲ್ಲ, ದೊಡ್ಡ ಬಾಲದ ಟಗರು. ಎಸೆನ್‌ಕುಲ್‌ನ ಕೈ ತಾನಾಗಿಯೇ ಹೋಗಿ ಬಾಲ ಅಮುಕಿತು. ಹತ್ತೊಂಬತ್ತು ಸಾವಿರಕ್ಕೆ ಮೋಸವಿಲ್ಲ.

"ನೆರೆಯವನ ಸೊಸೆ ಅಂದ್ರೆ ನನ್ನ ಸೊಸೆ ಇದ್ದಂಗೆ!" ಎಂದು ಶೈಲೋಬೆಕ್ ಎಲ್ಲರಿಗೂ ಕೇಳುವಂತೆ ಕೂಗಿ ಹಲ್ಲು ತೋರಿಸಿದ.

ಕೋಣೆ ತುಂಬಿ, ಅಂಗಳ ತುಂಬಿ, ಯಾರೋ ಒಲೆ ಹಚ್ಚಿ ಬೋರ್ಸೋಕ್ ಕರಿಯಲು ಶುರುಮಾಡಿದರು. ಎಣ್ಣೆ ಎಸೆನ್‌ಕುಲ್‌ನದೇ, ಹಿಟ್ಟೂ ಅವನದೇ. ಹೆಂಗಸರು ಪರದೆಯ ಕಡೆ ತಿರುಗಿ ಒಬ್ಬೊಬ್ಬರಾಗಿ ಮಾತಾಡಿಸಿದರು.

"ಉಸಿರೂ ಕೇಳಿಸ್ತಿಲ್ಲವಲ್ರೀ, ಎಷ್ಟು ಸಂಕೋಚ!"

"ಈ ಕಾಲದಲ್ಲಿ ಇಷ್ಟು ಸುಮ್ನಿರೋ ಸೊಸೆ ಎಲ್ಲಿ ಸಿಕ್ಕಿದ್ಲೋ? ನನ್ನ ಸೊಸೆ ಪರದೆ ಹಿಂದೇನೂ ಫೋನಲ್ಲಿ ಮಾತಾಡ್ತಿದ್ಲು."

ಎಸೆನ್‌ಕುಲ್ ಪರದೆಗೆ ಬೆನ್ನು ಕೊಟ್ಟು ಎರಡೂ ಕೈ ಅಗಲಿಸಿ ನಿಂತ. ಹೆಗಲ ಮೇಲೆ ಹದಿನಾಲ್ಕು ತಲೆವಸ್ತ್ರ. ಜೇಬಿನಲ್ಲಿ ಇಪ್ಪತ್ತಮೂರು ಸಾವಿರದ ಮೇಲೆ. ಬೆವರಿನ ಲೆಕ್ಕ ಇಟ್ಟವರಿಲ್ಲ.

ಅಷ್ಟರಲ್ಲಿ ಅಂಗಳದ ಜನ ದಾರಿ ಬಿಟ್ಟರು. ಊರಿನ ಪೊಲೀಸ್ ಲೆಫ್ಟಿನೆಂಟ್ ಕುರ್ಮಾನ್, ಕಂಕುಳಲ್ಲಿ ಒಂದು ರಟ್ಟಿನ ಕಡತ ಹಿಡಿದು ಒಳಗೆ ಬಂದ. ಮೀಸೆ ಈಗಷ್ಟೇ ಬಂದ ವಯಸ್ಸು, ಅದಕ್ಕೇ ದನಿ ದೊಡ್ಡದು.

"ಎಸೆನ್‌ಕುಲ್ ಅಣ್ಣ, ದೂರು ಬಂದಿದೆ. ಈ ಮನೇಲಿ ಮೂರು ವಾರದಿಂದ ಒಂದು ಹೆಣ್ಣುಮಗೂನ ಕೂಡಿಹಾಕಿದೀರಂತೆ. ಹುಡುಗ ಊರಲ್ಲಿಲ್ಲ, ಹುಡುಗೀನ ಯಾರೂ ನೋಡಿಲ್ಲ. ಕಾನೂನು ಈಗ ಮೊದಲಿನಂಗಿಲ್ಲ. ಒಪ್ಪಿಗೆ ಇಲ್ದೆ ಮದುವೆಗೆ ಅಂತ ಎತ್ಕೊಂಡು ಬಂದಿದ್ರೆ ಒಳಗೆ ಹಾಕ್ತೀನಿ."

"ಒಪ್ಪಿಗೆನಾ? ಕುರ್ಮಾನ್, ನಾನು... ಅದು... ನಾನು ಎತ್ಕೊಂಡು ಬಂದಿಲ್ಲಪ್ಪ. ಮಗ ತಂದಿದ್ದು. ಬಸ್ಸಲ್ಲಿ."

"ಮಗ ತಂದಿದ್ದು" ಎಂದು ಲೆಫ್ಟಿನೆಂಟ್ ನಿಂತಲ್ಲೇ ಬರೆದುಕೊಂಡ.

ಅದೇ ಗಳಿಗೆಯಲ್ಲಿ ಆ ಮಗನೂ ಮಗನ ತಾಯಿಯೂ ಬಂದರು. ಮಿನಿಬಸ್ಸಿನ ಡ್ರೈವರ್, ಮದುಮಗನ ಹತ್ತಿರ ದುಡ್ಡು ಹೇಗೆ ತಗೊಳ್ಳಲಿ ಎಂದು ಟಿಕೆಟಿನ ಹಣ ಬೇಡವೆಂದಿದ್ದನಂತೆ. ಬುರುಲ್ ಆಗ ಮಗನನ್ನು ಮೇಲಿಂದ ಕೆಳಗೆ ನೋಡಿ, "ಎರಡು ದಿನದಿಂದ ನನ್ನ ಪಕ್ಕದಲ್ಲೇ ಇದೀಯಲ್ಲೋ, ಮದುವೆ ಯಾವಾಗ ಆದೆ?" ಎಂದು ಕೇಳಿದ್ದಳಂತೆ. ಈಗ ಅವಳು ಜನರನ್ನು ತಳ್ಳಿಕೊಂಡು ಬಂದವಳೇ ಗಂಡನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನನ್ನ ಪರದೆ! ನನ್ನ ದಿಂಬು! ನನಗೆ ಹೇಳ್ದೆ ನನ್ನ ಮನೆಗೆ ಸೊಸೆ ತಂದ್ಯಾ? ಯಾರವಳು? ಯಾರ ಮಗಳು? ಸರಿ ಪಕ್ಕಕ್ಕೆ!"

"ಬುರುಲ್, ಮೊದ್ಲು ಸ್ವಲ್ಪ ಚಹಾ ಕುಡಿ..."

ಅವಳು ಚಹಾ ಕುಡಿಯಲಿಲ್ಲ. ಪರದೆಯನ್ನು ಒಂದೇ ಸಲಕ್ಕೆ ಎಳೆದಳು.

ಮೂರು ದಿಂಬಿನ ಮೇಲೆ, ರೇಷ್ಮೆಯ ಹಾಸಿನಲ್ಲಿ, ಕೆಂಪು ರಟ್ಟಿನ ಪದವಿ ಪತ್ರ ಎರಡು ಪುಟ ಬಿಚ್ಚಿಕೊಂಡು ಕೂತಿತ್ತು. ಒಲೆಯ ಮೇಲಿನ ಬೋರ್ಸೋಕ್ ಸೀಯುವ ವಾಸನೆ ಬಂತು.

"ಹುಡುಗಿ ಎಲ್ಲಿ?" ಎಂದ ಲೆಫ್ಟಿನೆಂಟ್, ದಿಂಬಿನ ಹಿಂದೆ ಇಣುಕಿ.

"ಇದೇ" ಎಂದ ಎಸೆನ್‌ಕುಲ್. ನೆಲ ನೋಡಿಕೊಂಡು ಎಲ್ಲವನ್ನೂ ಹೇಳಿಬಿಟ್ಟ. ಕುದುರೆ, ಬ್ಯಾಂಕು, ಬೂಟಂಗಡಿ, ಸೋಮವಾರ, ಯಾವುದನ್ನೂ ಬಿಡಲಿಲ್ಲ. "ಮಗನ ಓದಿಗೆ ಬೆಲೆ ಗೊತ್ತಾಗ್ಲಿ ಅಂತ ಮಾಡ್ದೆ. ನಿಮಗೆ ಮೋಸ ಮಾಡ್ಬೇಕು ಅಂತಲ್ಲ. ಅಂದ್ರೆ, ಮೊದಲ ಐದು ನಿಮಿಷ ಅಂತೂ ಖಂಡಿತ ಅಲ್ಲ."

ಆಮೇಲೆ ಎದ್ದ ಗಲಾಟೆಯನ್ನು ಏನೆಂದು ಹೇಳುವುದು!

"ನನ್ನ ಟಗರು!" ಎಂದು ಕೂಗಿದ ಶೈಲೋಬೆಕ್. "ಪುಸ್ತಕಕ್ಕೆ ಯಾರಾದ್ರೂ ಟಗರು ಕೊಡ್ತಾರೇನಯ್ಯಾ? ಕೊಡು ವಾಪಸ್ಸು!"

"ಅದು ಪುಸ್ತಕ ಅಲ್ಲ, ಪದವಿ. ಮೊದಲ ದರ್ಜೆ!" ಎಂದ ಎಸೆನ್‌ಕುಲ್. ಹೆದರಿಕೆಯಲ್ಲೂ ಅಷ್ಟು ಮಾತ್ರ ಬಿಟ್ಟುಕೊಡಲಿಲ್ಲ.

"ನನ್ನ ಜರಿ ವಸ್ತ್ರ ಇದರ ಯಾವ ತಲೆಗೆ ಕಟ್ತೀಯಾ?" ಎಂದಳು ಬೇಕರಿಯವಳು.

ತೊಕ್ತೊಬೂಬು ಅಜ್ಜಿ ಊರುಗೋಲನ್ನು ನೆಲಕ್ಕೆ ಕುಟ್ಟಿದಳು.

"ಕೊಟ್ಟ ಕೊರುಮ್ದುಕ್ ವಾಪಸ್ ತಗೊಂಡ ಮನೆತನ ಈ ಊರಲ್ಲಿಲ್ಲ. ನೋಡೋಕೆ ಕೊಟ್ವಿ, ನೋಡಿದ್ವಿ. ಆದ್ರೆ ಎಸೆನ್‌ಕುಲ್, ಪರದೆ ತೆಗೆದ ಮೇಲೆ ಹೊಸ ಸೊಸೆ ಸುಮ್ನೆ ಕೂರಲ್ಲ. ಎದ್ದು ಚಹಾ ಬಗ್ಗಿಸಿ ಕೊಡ್ತಾಳೆ, ಕೈಗುಣ ನೋಡ್ತೀವಿ. ನಿನ್ನ ಈ ಕೆಂಪು ಸೊಸೆಗೆ ಏನು ಬರತ್ತೆ? ತೋರ್ಸು."

ಎಸೆನ್‌ಕುಲ್ ಮಗನ ಮುಖ ನೋಡಿದ. ಎಲ್ದಿಯಾರ್ ಪೆಟ್ಟಿಗೆ ತೆರೆದ, ತುಂಡುಗಳನ್ನು ಒಂದಕ್ಕೊಂದು ಜೋಡಿಸಿದ. ತೆಳ್ಳನೆಯ ಬೆತ್ತದ ಸೀಳನ್ನು ಬಾಯಲ್ಲಿ ನೆನೆಸಿ ನಳಿಗೆಗೆ ಸಿಕ್ಕಿಸಿದ. ಅಷ್ಟು ಜನರ ನಡುವೆ, ಮಿಠಾಯಿ ಚೆಲ್ಲಿದ ಕಂಬಳಿಯ ಮೇಲೆ ಕೂತು ಊದಿದ.

ಮೊದಲ ಸ್ವರ ನೆಲದಡಿಯಿಂದ ಬಂದಂತೆ ಬಂತು. ಅಂಗಳದಲ್ಲಿ ಕಟ್ಟಿದ್ದ ಟಗರು ಅದೇ ಶ್ರುತಿಯಲ್ಲಿ ಉತ್ತರ ಕೊಟ್ಟಿತು. ಜನ ಗೊಳ್ಳೆಂದು ನಕ್ಕರು. ಎಲ್ದಿಯಾರ್ ಕೂಡ ನಕ್ಕ, ಮತ್ತೆ ಊದಿದ. ಈ ಸಲ ಬುರುಲ್ ಹಾಲು ಕರೆಯುವಾಗ ಗುನುಗುವ ರಾಗವನ್ನು ಹಿಡಿದ. ಆ ರಾಗಕ್ಕೆ ಹೆಸರಿಲ್ಲ, ಬೇಸಿಗೆಯ ಹುಲ್ಲುಗಾವಲಲ್ಲಿ ಎಲ್ಲರ ತಾಯಂದಿರೂ ಅದನ್ನೇ ಗುನುಗುತ್ತಿದ್ದರು. ನಗು ನಿಂತಿತು. ಬುರುಲ್ ಸೊಂಟದ ಮೇಲಿನ ಕೈ ಇಳಿಸಿದಳು. ಸೀದ ಬೋರ್ಸೋಕ್ ತೆಗೆಯಲು ಹೋದವಳು ಚಮಚ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು.

ರಾಗ ಮುಗಿದಾಗ ತೊಕ್ತೊಬೂಬು ಅಜ್ಜಿಯ ಕೆನ್ನೆ ಒದ್ದೆಯಾಗಿತ್ತು.

"ನಮ್ಮ ಯಜಮಾನರು ಹೋಗಿ ಒಂಬತ್ತು ವರ್ಷ ಆಯ್ತು" ಎಂದಳು. "ಇದೇ ದನೀಲಿ ಗೊರಕೆ ಹೊಡೀತಿದ್ರು. ಐವತ್ತು ವರ್ಷ ಬೈದೆ ಕಣೋ ಆ ಗೊರಕೆಗೆ. ಆಮೇಲೆ ಮನೆ ಎಷ್ಟು ನಿಶ್ಶಬ್ದ ಆಗೋಯ್ತು ಅಂತೀಯಾ! ಆ ಕೆಳಗಿಂದು ಊದಿದ್ಯಲ್ಲ ಕಂದ, ಮೊದಲ್ನೇದು, ಅದನ್ನ ಇನ್ನೊಂದ್ಸಲ ಊದು."

ಎಲ್ದಿಯಾರ್ ಊದಿದ. ಅಜ್ಜಿ ಕಣ್ಣು ಮುಚ್ಚಿ, ಕೈಯಿಂದ ಪಕ್ಕದ ದಿಂಬನ್ನು ಒಮ್ಮೆ ತಟ್ಟಿ, "ಆ ಕಡೆ ತಿರುಗಿ ಮಲ್ಕೊಳ್ಳಿ ಅಂದ್ರೆ!" ಎಂದಳು. ಅಳುತ್ತಿದ್ದವರೂ ನಕ್ಕರು. ಎಸೆನ್‌ಕುಲ್‌ಗೆ ಮಾತ್ರ ನಗಲು ಆಗಲಿಲ್ಲ. ಐದು ವರ್ಷ ದುಡ್ಡು ಕಳಿಸಿದ್ದ, ಒಂದು ದಿನವೂ ಎದುರಿಗೆ ಕೂತು ಮಗ ಊದುವುದನ್ನು ಕೇಳಿರಲಿಲ್ಲ. ಹೆಗಲ ಮೇಲಿದ್ದ ತಲೆವಸ್ತ್ರವೊಂದರಲ್ಲಿ ಮೂಗೊರೆಸಿಕೊಂಡ. ಅದು ಬೇಕರಿಯವಳ ಜರಿಯದ್ದು.

ಟಗರನ್ನು ಅಲ್ಲೇ ಕೊಯ್ದರು. ಬಂದ ಬೀದಿಗೆಲ್ಲ ಊಟ ಹಾಕಬೇಡವೇ? ಒಂದು ಸಾಲಲಿಲ್ಲ. ಎಸೆನ್‌ಕುಲ್‌ನ ಕೊಟ್ಟಿಗೆಯಿಂದ ಇನ್ನೊಂದು ಬಂತು. ಅಕ್ಕಿ, ಗಜ್ಜರಿ, ಚಹಾ, ಬೆಣ್ಣೆಗೆಂದು ಜೇಬಿನ ನೋಟುಗಳು ಬಂದ ದಾರಿಯಲ್ಲೇ ಹೊರಟವು. ಊಟಕ್ಕೆ ಕೂತ ಶೈಲೋಬೆಕ್ ತನ್ನ ಟಗರಿನ ಎಲುಬು ಚೀಪುತ್ತ, ತನ್ನ ಮೊಮ್ಮಗಳು ಕೊಳವೆ ಕಲಿಯಲು ಎಷ್ಟು ವರ್ಷವಾಗಬೇಕೆಂದು ಎಲ್ದಿಯಾರ್‌ನ ಕಿವಿಯಲ್ಲಿ ಕೇಳುತ್ತಿದ್ದ. ಎಸೆನ್‌ಕುಲ್ ಬೆರಳು ಮಡಚಿ ನೋಡಿದ. ಪದವಿಯ ಬೆಲೆ ಸದ್ಯಕ್ಕೆ ಸೊನ್ನೆಗಿಂತ ಒಂದು ಕುರಿ ಕೆಳಗಿತ್ತು. ಆಶ್ಚರ್ಯವೆಂದರೆ ಅವನಿಗೆ ಹಸಿವು ಚೆನ್ನಾಗಿ ಆಗಿತ್ತು.

ಲೆಫ್ಟಿನೆಂಟ್ ಮಾತ್ರ ಊಟ ಮುಗಿಸಿ ಕಡತ ಬಿಚ್ಚಿದ. "ಅಣ್ಣ, ದೂರು ಬಂದ ಮೇಲೆ ಹೇಳಿಕೆ ಬರೀಲೇಬೇಕು. ಖಾಲಿ ಫಾರಂ ತಗೊಂಡು ಹೋದ್ರೆ ಮೇಲಿನೋರು ನನ್ನ ಸುಮ್ನೆ ಬಿಡಲ್ಲ. ಪರದೆ ಹಿಂದಿದ್ದಿದ್ದು ಯಾರ ಹೆಸರಲ್ಲಿದೆ?"

"ಎಲ್ದಿಯಾರ್ ಹೆಸರಲ್ಲಿ."

"ಹಂಗಾದ್ರೆ ಅವನನ್ನೇ ಕೇಳ್ತೀನಿ. ಎಲ್ದಿಯಾರ್, ಇದಕ್ಕೆ ನೀನು ನಿನ್ನ ಸ್ವಂತ ಇಷ್ಟದಿಂದ ಬಂದ್ಯಾ? ಯಾರಾದ್ರೂ ಬಲವಂತ ಮಾಡಿದ್ರಾ?"

"ಸ್ವಂತ ಇಷ್ಟದಿಂದ ಬಂದೆ" ಎಂದ ಎಲ್ದಿಯಾರ್.

"ಇಲ್ಲೇ ಇರೋಕೆ ಇಷ್ಟ ಇದ್ಯಾ?"

"ಇದೆ."

"ಸೋಮವಾರ ಕಾರಲ್ಲಿ ಯಾರೋ ಬಂದು ನಿನ್ನ ಕರ್ಕೊಂಡು ಹೋಗ್ತಾರಂತೆ. ಅದಕ್ಕೆ ನಿನ್ನ ಒಪ್ಪಿಗೆ ಇದ್ಯಾ?"

ಎಲ್ದಿಯಾರ್ ಅಪ್ಪನ ಕಡೆ ನೋಡಿದ. ಕೋಣೆ ಪೂರ್ತಿ ಎಸೆನ್‌ಕುಲ್‌ನ ಕಡೆ ನೋಡಿತು. ಎಸೆನ್‌ಕುಲ್ ತಟ್ಟೆಯ ಕಡೆ ನೋಡಿದ.

"ಇಲ್ಲ" ಎಂದ ಎಲ್ದಿಯಾರ್.

ಲೆಫ್ಟಿನೆಂಟ್ ಅದನ್ನೂ ಬರೆದ. ಕಡತವನ್ನು ಎಸೆನ್‌ಕುಲ್‌ನ ಮುಂದೆ ತಿರುಗಿಸಿ ಪೆನ್ನು ಕೊಟ್ಟ. "ಒಪ್ಪಿಗೆ ಇಲ್ಲದ ವ್ಯಕ್ತಿಯನ್ನ ಕಾರಲ್ಲಿ ಹತ್ತಿಸಿ ಕಳಿಸಿದ್ರೆ ಏನಾಗುತ್ತೆ ಅಂತ ನಾನು ನಿಮಗೆ ತಿಳಿಸಿ ಹೇಳಿದೀನಿ, ನಿಮಗೆ ಅರ್ಥ ಆಗಿದೆ ಅಂತ ಇಲ್ಲಿ ಸಹಿ ಹಾಕಿ."

ಇಪ್ಪತ್ತೆಂಟು ವರ್ಷದಲ್ಲಿ ಚೌಕಾಸಿ ಮಾಡದೆ ಎಸೆನ್‌ಕುಲ್ ಒಪ್ಪಿಕೊಂಡ ಮೊದಲ ಕಾಗದ ಅದು. ಸಹಿ ಸ್ವಲ್ಪ ಕೊಬ್ಬಿನ ಕಲೆಯಾಗಿ ಬಿತ್ತು. ಬುರುಲ್ ಅವನ ಬಟ್ಟಲಿಗೆ ಕೇಳದೆಯೇ ಚಹಾ ಬಗ್ಗಿಸಿದಳು.

ಭಾನುವಾರ ಸಂತೆಯಿಂದ ಬಂದು ಎಸೆನ್‌ಕುಲ್ ಸಗಿನ್ ಭಾವನಿಗೆ ಫೋನು ಮಾಡಿದ.

"ಭಾವ, ನಾಳೆ ಕಾರು ತರಬೇಡಿ. ಹುಡುಗ ಬರಲ್ಲ. ಪೊಲೀಸರು ಬಿಡಲ್ಲ ಅಂದಿದಾರೆ."

"ಪೊಲೀಸರಾ?" ಸಗಿನ್‌ನ ದನಿ ಪಕ್ಕದ ಕೋಣೆಗೂ ಕೇಳಿಸಿತು. "ಅಯ್ಯೋ ದೇವರೇ! ಅಂಥಾ ಸಾಧು ಹುಡುಗ! ಏನು ತಪ್ಪು ಮಾಡ್ದ?"

ಪಕ್ಕದ ಕೋಣೆಯಲ್ಲಿ ಎಲ್ದಿಯಾರ್ ಮುಂದಿನ ಪಾಠಗಳಿಗೆಂದು ಚಿಕ್ಕ ಮಕ್ಕಳಿಗೆ ಹಿಡಿಸುವ ರಾಗವೊಂದನ್ನು ಊದಿ ನೋಡುತ್ತಿದ್ದ. ಎಸೆನ್‌ಕುಲ್ ಅದು ಮುಗಿಯುವವರೆಗೂ ಫೋನು ಹಿಡಿದುಕೊಂಡೇ ಕೇಳಿದ.

"ಅವನಲ್ಲ ಭಾವ" ಎಂದ. "ತಪ್ಪು ಮಾಡೋಕೆ ಹೊರಟಿದ್ದು ನಾನು."